ಐವತ್ತು ಗ್ರಾಮಿನ ಬಟ್ಟು

…ಅಲ್ಲ ವಾಜಿದ್ ಭಾಯ್, ನೀವೇ ಹೇಳಿ, ನನ್ನ ಮುಖ ನೋಡಿದ್ರೆ ಗುಜರಿ ಕದಿಯೋನ ಥರ ಕಾಣ್ಸುತ್ತಾ? ಕೆ.ಆರ್. ಪುರ ಮೆಟ್ರೋದಲ್ಲಿ ಬ್ಯಾಗ್ ಮೆಷಿನ್ ಒಳಗೆ ಹೋಯ್ತು, ಸೆಕ್ಯುರಿಟಿಯವಳು ಹಿಡ್ಕೊಂಡ್ಬಿಟ್ಳು. "ಸರ್, ಒಳಗೇನಿದು ಇಷ್ಟೊಂದು ಕಬ್ಬಿಣ?" ತೂಕದ ಬಟ್ಟು ಕಣಮ್ಮ ಅಂದೆ. "ತರಕಾರಿ ಮಾರ್ತೀರಾ?" ಅಂತಾಳೆ! ನನ್ನ! ಇಪ್ಪತ್ತೆರಡು ವರ್ಷ ಇಂಜಿನಿಯರಿಂಗ್ ಕಾಲೇಜಲ್ಲಿ ಫಿಸಿಕ್ಸ್ ಪಾಠ ಮಾಡಿದೋನ್ನ! ಪ್ರೊಫೆಸರ್ ಲಕ್ಷ್ಮಿಕಾಂತ ಅಂತ ಐಡಿ ಕಾರ್ಡ್ ತೋರಿಸಿದ್ಮೇಲೆ ಬಿಟ್ಳು… ಯಾಕ್ರೀ ನಗ್ತೀರಾ? ನಗೋ ವಿಷ್ಯ ಅಲ್ಲ ಇದು.

ಟೀ ಬೇಡ. …ಸರಿ, ಹೇಳಿ ಒಂದು ಸುಲೈಮಾನಿ. ಸಕ್ಕರೆ ಕಮ್ಮಿ. ಏನ್ರೀ ಇದು ನಿಮ್ಮ ಗಲ್ಲಿ! ಮೀನು, ಅತ್ತರು, ಆಟೋ ಹೊಗೆ, ಎಲ್ಲ ಸೇರಿ ತಲೆ ತಿರುಗುತ್ತೆ. ಈ ಶಿವಾಜಿನಗರದಲ್ಲಿ ತಕ್ಕಡಿ ಅಂಗಡಿ ಇಟ್ಕೊಂಡು ಮೂವತ್ತು ವರ್ಷದಿಂದ ಹೇಗೆ ಕೂತಿದೀರೋ! ಮೊಳೆಗೆ ಇಸ್ತ್ರಿ ಶರ್ಟ್ ಬೇರೆ. ಬಿಳೀದು, ಈ ಧೂಳಲ್ಲಿ! ಯಾರ ಮದುವೆ? …ಹೇಳ್ಬೇಡಿ ಬಿಡಿ. ನಿಮ್ಮ ಮಾತೇ ಕಮ್ಮಿ. ಅಲ್ಲ, ಒಂದ್ಸಲ ಮಾತಾಡಿದ್ರಿ. ಆಗಸ್ಟಲ್ಲಿ, ಲ್ಯಾಬಿನ ತಕ್ಕಡಿ ರಿಪೇರಿಗೆ ಅಂತ ನೀವು ಕಾಲೇಜಿಗೆ ಬಂದಾಗ, ಅದ್ಯಾವುದೋ ಸ್ವೀಟ್ ಬಾಕ್ಸ್ ಕೊಟ್ಟು ಏನೋ ಹೇಳ್ತಾನೇ ಇದ್ರಿ. ನಂಗೆ ಮೀಟಿಂಗ್ ಇತ್ತು, ಕೇಳಿಸ್ಕೊಳ್ಳೋಕೆ ಆಗ್ಲಿಲ್ಲ. ಬಾಕ್ಸ್ ಭೀಮಾಶಂಕರನ ಕೈಗೆ ಕೊಟ್ಟೆ. ನಮ್ಮ ಲ್ಯಾಬ್ ಅಟೆಂಡರ್, ಸುರಪುರದ ಕಡೆಯವನು, ಗೊತ್ತಲ್ಲ. ಒಬ್ಬನೇ ತಿಂದು ಮುಗಿಸಿದ.

ಕೆಲಸಕ್ಕೆ ಬರೋಣ. ಇಗೋ, ಇಪ್ಪತ್ನಾಲ್ಕು ಬಟ್ಟು. ನಡುವೆ ಸೀಳಿರೋ ದುಂಡು ಬಿಲ್ಲೆ, ಎಲ್ಲ ಐವತ್ತು ಐವತ್ತು ಗ್ರಾಮು. ನೀವೇ ಮಾಡಿಕೊಟ್ಟಿದ್ದು, ಮೂರು ವರ್ಷದ ಹಿಂದೆ. ನೆನಪಿದ್ಯಾ? …ಇರ್ಲೇಬೇಕು, ನಿಮ್ಮ ಪಂಚ್ ಗುರುತು ಎಲ್ಲದರ ಮೇಲೂ ಇದೆ. ಇವನ್ನ ಸರಿ ಮಾಡ್ಬೇಕು. ಸಂಜೆ ಆರರೊಳಗೆ. ಹೊಸಾದು ಮಾಡಿದ್ರೂ ಸರಿ, ಇದಕ್ಕೇ ಸೀಸ ತುಂಬಿದ್ರೂ ಸರಿ, ತೂಕ ಕರೆಕ್ಟಾಗಿ ಐವತ್ತು ಬರ್ಬೇಕು. ನೋಡೋಕೆ ಮಾತ್ರ ಹೀಗೇ ಇರ್ಬೇಕು. ಈ ತುಕ್ಕು, ಈ ಗೀರು, ಎಲ್ಲ ಹೀಗೇ. ಹೊಸದರ ಥರ ಹೊಳೀಬಾರ್ದು.

ಯಾಕೆ ಅಂದ್ರೆ… ಸ್ಟಾಕ್ ವೆರಿಫಿಕೇಶನ್. ವರ್ಷಕ್ಕೊಂದ್ಸಲ ಇರುತ್ತೆ ನಮ್ಮಲ್ಲಿ. ಅಷ್ಟೇ. ಹಾಗ್ಯಾಕೆ ನೋಡ್ತೀರಾ? ತುಕ್ಕು ಯಾಕೆ ಬೇಕು ಅಂತಾನಾ? ರೀ, ಹಳೇ ಸ್ಟಾಕು ಹಳೇದರ ಥರಾನೇ ಕಾಣ್ಬೇಕಲ್ವಾ! ನಿಮಗ್ಯಾಕೆ ಅದೆಲ್ಲ. ಮಾಡಿ ಕೊಡಿ.

…ಏನ್ರೀ, ಮುಟ್ತಾನೇ ಇಲ್ಲ. ಹಾಗೇ ನೋಡ್ತಾ ಕೂತಿದೀರಿ.

ಸರಿ. ಹೇಳ್ತೀನಿ. ಹೇಳಿದ್ರೆ ತಾನೆ ಗೊತ್ತಾಗೋದು ನಾನು ಎಂಥವರ ಜೊತೆ ಏಗ್ತಾ ಇದೀನಿ ಅಂತ. ನಾಳೆ ಹನ್ನೊಂದು ಗಂಟೆಗೆ ಲ್ಯಾಬಲ್ಲಿ ಒಂದು ಕಮಿಟಿ. ಪ್ರಿನ್ಸಿಪಾಲ್, ಇನ್ನಿಬ್ಬರು. ಒಬ್ಬಳು ಫಸ್ಟ್ ಇಯರ್ ಹುಡುಗಿ ನನ್ನ ಮೇಲೆ, ನನ್ನ ಮೇಲೆ ವಾಜಿದ್ ಭಾಯ್, ಕಂಪ್ಲೇಂಟ್ ಕೊಟ್ಟಿದಾಳೆ!

ನಿಮಗೆ ಇವತ್ತಿನ ಇಂಜಿನಿಯರಿಂಗ್ ಹುಡುಗರು ಗೊತ್ತಿಲ್ಲ. ಕ್ಲಾಸಲ್ಲಿ ಎಪ್ಪತ್ತು ಜನ. ಅರವತ್ತು ಜನದ ತಲೆ ಮೊಬೈಲ್ ಒಳಗೆ. ಉಳಿದವರಲ್ಲಿ ಒಬ್ಬ ಎದ್ದು ಕೇಳ್ತಾನೆ, "ಸರ್, ನಾವು ಕಂಪ್ಯೂಟರ್ ಸೈನ್ಸು, ನಮಗ್ಯಾಕೆ ಫಿಸಿಕ್ಸು?" ಅಂತ. ಯಾಕೆ ಅಂದ್ರೆ ಸಿಲಬಸ್ಸಲ್ಲಿ ಇದೆ ಕಣೋ ಕತ್ತೆ! ಇನ್ನೇನ್ ಹೇಳ್ಲಿ? ಎಂಎಸ್ಸಿಯಲ್ಲಿ ಚಿನ್ನದ ಪದಕ ತಗೊಂಡೋನು ನಾನು. ಬೆಳಕಿನ ಮೇಲೆ ಸಂಶೋಧನೆ ಮಾಡ್ಬೇಕು ಅಂತಿದ್ದೆ. ಇಪ್ಪತ್ತೆರಡು ವರ್ಷದಿಂದ ಏನ್ ಮಾಡ್ತಿದೀನಿ? "ಮಕ್ಕಳೇ, ಇದು ಸ್ಪ್ರಿಂಗು. ಇದಕ್ಕೆ ತೂಕ ಕಟ್ಟಿದ್ರೆ ಇದು ಉದ್ದ ಆಗುತ್ತೆ." ಇಪ್ಪತ್ತೆರಡು ವರ್ಷ! ಸ್ಪ್ರಿಂಗಿಗೆ ಅರ್ಥ ಆಗಿರುತ್ತೆ, ಇವಕ್ಕೆ ಆಗಿಲ್ಲ.

ಆ ಪ್ರಯೋಗ ಏನು ಅಂದ್ರೆ… ನಿಮಗೂ ಅರ್ಥ ಆಗುತ್ತೆ, ಕಷ್ಟ ಏನಿಲ್ಲ. ಸ್ಪ್ರಿಂಗಿಗೆ ಐವತ್ತು ಗ್ರಾಂ ಹಾಕು, ಎಷ್ಟು ಜಗ್ಗಿತು ನೋಡು. ಇನ್ನೈವತ್ತು ಹಾಕು, ಮತ್ತೆ ನೋಡು. ಲೆಕ್ಕ ಹಾಕಿದ್ರೆ ಸ್ಪ್ರಿಂಗ್ ಎಷ್ಟು ಬಿಗಿ ಅನ್ನೋದಕ್ಕೆ ಒಂದು ನಂಬರ್ ಬರುತ್ತೆ. ನಮ್ಮ ಸ್ಪ್ರಿಂಗಿಗೆ ಇಪ್ಪತ್ತು ಬರ್ಬೇಕು. ಕಂಪನಿಯವನೇ ಬರ್ದು ಕೊಟ್ಟಿದಾನೆ. ಎಲ್ಲ ಹುಡುಗರಿಗೂ ಇಪ್ಪತ್ತೇ ಬರುತ್ತೆ. ಹೇಗೆ ಅಂತೀರಾ? ಬಟ್ಟು ಯಾರು ಮುಟ್ತಾರೆ! ಸೀನಿಯರ್‌ಗಳ ರೆಕಾರ್ಡ್ ಪುಸ್ತಕ ಇದ್ಯಲ್ಲ. ಉತ್ತರ ಮೊದಲು ಬರ್ಕೊಳ್ಳೋದು, ಆಮೇಲೆ ಅದಕ್ಕೆ ತಕ್ಕ ಹಾಗೆ ರೀಡಿಂಗ್ ಹುಟ್ಟಿಸೋದು. ಕುಕ್ ಮಾಡೋದು ಅಂತಾರೆ ಅದಕ್ಕೆ. ಒಂದಿಬ್ಬರು ಬುದ್ಧಿವಂತರು ಹತ್ತೊಂಬತ್ತು ಪಾಯಿಂಟ್ ಒಂಬತ್ತು ಅಂತ ಬರೀತಾರೆ, ಅನುಮಾನ ಬರ್ದಿರ್ಲಿ ಅಂತ!

ನಾನಾ? ನನಗೆ ಗೊತ್ತಿಲ್ವಾ ಅಂತೀರಾ? ಗೊತ್ತು. ಎಲ್ಲ ಕಾಲೇಜಲ್ಲೂ ಇದೇ ಕಥೆ. ಎಪ್ಪತ್ತು ಪುಸ್ತಕಕ್ಕೆ ಸಹಿ ಹಾಕ್ಬೇಕು ನಾನು. ಸಾಯ್ಲಿ, ಇಪ್ಪತ್ತು ಬಂತಾ, ಸಹಿ. ಮುಂದಿನವನು.

ಇವಳು ಒಬ್ಬಳು ಬಂದ್ಳು. ಇಪ್ಪತ್ಮೂರು ಪಾಯಿಂಟ್ ಎಂಟು!

ತಪ್ಪಾಗಿದೆ, ಮತ್ತೆ ಮಾಡು ಅಂದೆ. ಮತ್ತೆ ಮಾಡಿದ್ಳು. ಇಪ್ಪತ್ಮೂರು ಪಾಯಿಂಟ್ ಎಂಟು. ಎಲ್ಲರೂ ಊಟಕ್ಕೆ ಹೋದ್ರು, ಇವಳು ಅಲ್ಲೇ ನಿಂತು ಮೂರನೇ ಸಲ ಮಾಡಿದ್ಳು. ಅದೇ! ಆಮೇಲೆ ಬಂದು ಹೇಳ್ತಾಳೆ, "ಸರ್, ಸ್ಪ್ರಿಂಗ್ ಸರಿ ಇದೆ, ಬಟ್ಟು ಹಗುರ ಇದೆ." ಹೇಗಮ್ಮ ಗೊತ್ತಾಯ್ತು, ತಕ್ಕಡೀಲಿ ಇಟ್ಟು ನೋಡಿದ್ಯಾ ಅಂದ್ರೆ… ಕೇಳಿ, ಕೇಳಿ ಇದನ್ನ… "ಇಲ್ಲ ಸರ್, ಕೈಗೇ ಗೊತ್ತಾಗುತ್ತೆ" ಅಂತಾಳೆ! ಕೈಗೆ! ನನ್ನ ಅಂಗೈ ಮೇಲೆ ಬಟ್ಟು ಇಟ್ಟು, "ನೀವೇ ನೋಡಿ ಸರ್, ಇದು ಐವತ್ತಲ್ಲ" ಅಂದ್ಳು. ಇಡೀ ಬ್ಯಾಚಿನ ಎದುರಿಗೆ! ನಾನು ಹೇಳಿದೆ, ಅಮ್ಮಾ ತಾಯಿ, ಇದು ಫಿಸಿಕ್ಸ್ ಲ್ಯಾಬು, ನಿಮ್ಮ ಸಂತೆ ಅಲ್ಲ, ಇಲ್ಲಿ ಕೈಯಲ್ಲಿ ತೂಗಲ್ಲ ನಾವು. ಎಲ್ಲ ನಕ್ರು. ಪುಸ್ತಕ ತಗೊಂಡು ಕೆಂಪು ಇಂಕಲ್ಲಿ ಅಡ್ಡ ಗೀಟು ಎಳೆದು 'ಸುಳ್ಳು ರೀಡಿಂಗ್' ಅಂತ ಬರೆದೆ. ಲ್ಯಾಬ್ ಇಂಟರ್ನಲ್ಸ್ ಸೊನ್ನೆ.

…ಏನಂದ್ರಿ? ನಿಮ್ಮ ಕಣ್ಣು ಏನೋ ಕೇಳ್ತಿದೆ. ಗೊತ್ತು ಏನಂತ. ಸುಳ್ಳು ಬರೆಯೋಳು ಇಪ್ಪತ್ತು ಅಂತ ಬರೀತಿದ್ಳು, ಇಪ್ಪತ್ಮೂರು ಯಾಕೆ ಬರೀತಾಳೆ ಅಂತ ತಾನೆ? ಪ್ರಿನ್ಸಿಪಾಲೂ ಅದನ್ನೇ ಕೇಳಿದ್ರು. ಬಿಡಿ. ಎಲ್ಲರಿಗೂ ಈಗ ತರ್ಕ ಬಂದ್ಬಿಟ್ಟಿದೆ.

ಆ… ಟೀ ಬಂತು. ಇಡಿ ಇಲ್ಲಿ.

ಸೊನ್ನೆ ಅಂದ್ರೆ ಪರೀಕ್ಷೆಗೆ ಕೂರೋ ಹಾಗಿಲ್ಲ. ವರ್ಷ ಹೋಯ್ತು. ನಾನೇನು ರಾಕ್ಷಸನಾ? ದಾರಿ ಬಿಟ್ಟೆ. ಒಂದು ತಪ್ಪೊಪ್ಪಿಗೆ ಪತ್ರ ಬರ್ಕೊಂಡು ಬಾ, 'ನಾನು ರೀಡಿಂಗ್ ಸುಳ್ಳು ಬರೆದಿದ್ದೆ, ಕ್ಷಮಿಸಿ' ಅಂತ, ಕೆಳಗೆ ನಿಮ್ಮಪ್ಪನ ಸಹಿ. ಮುಗೀತು. ದಿನಾ ಹತ್ತು ಜನ ಬರ್ಕೊಡ್ತಾರೆ, ಲೇಟಾಗಿ ಬಂದಿದ್ದಕ್ಕೆ, ಮೊಬೈಲಿಗೆ, ಎಲ್ಲದಕ್ಕೂ. ಇವಳು ಬರೀಲಿಲ್ಲ. ಮೂರು ವಾರ! ಕೇಳಿದ್ರೆ, "ನಮ್ಮಪ್ಪನ ಕೈಲಿ ಆ ಕಾಗದಕ್ಕೆ ಸಹಿ ಹಾಕ್ಸಲ್ಲ ಸರ್." ಅಷ್ಟೇ. ಅಳಲಿಲ್ಲ, ಕೂಗಾಡ್ಲಿಲ್ಲ. ಅದು ಇನ್ನೂ ಜಾಸ್ತಿ ಉರಿ ನಂಗೆ. ಎಷ್ಟು ಕೊಬ್ಬು ನೋಡಿ! ತಪ್ಪು ತಿಳ್ಕೋಬೇಡಿ, ನಿಮ್ಮವರ ಪೈಕಿನೇ ಅವಳು. ನಿಮ್ಮ ಹೆಣ್ಮಕ್ಕಳು ಮೊದಲೆಲ್ಲ ಎಷ್ಟು ತಗ್ಗಿ ಬಗ್ಗಿ ಇರ್ತಿದ್ರು. ಮಾಹಿರಾ ಅಂತ ಹೆಸರು.

ಏನದು? …ಏನೋ ಬಿತ್ತು. ಇಕ್ಕಳನಾ? ನಿಧಾನ ರೀ, ಕಾಲಿಗೆ ಬಿದ್ದಿದ್ರೆ?

ಹೂಂ, ಮಾಹಿರಾ. ಹಾಜರಿ ಪುಸ್ತಕದಲ್ಲಿ 'ಮಾಹಿರಾ ಡಬ್ಲ್ಯೂ'. ಡಬ್ಲ್ಯೂ ಅಂದ್ರೆ ಏನೋ, ಯಾರು ಕೇಳ್ತಾರೆ, ಎಪ್ಪತ್ತು ಜನರ ಅಪ್ಪಂದಿರ ಹೆಸರು ಇಟ್ಕೊಂಡು ನಾನೇನ್ ಮಾಡ್ಲಿ? ಈಗ ಪ್ರಿನ್ಸಿಪಾಲ್ ಅವಳಪ್ಪನ್ನೂ ಕರೆಸಿದಾರೆ. ಬರ್ಲಿ. ಬರೋರನ್ನ ಎಷ್ಟು ನೋಡಿಲ್ಲ ನಾನು! ಬಾಗಿಲ ಹತ್ರನೇ ಚಪ್ಪಲಿ ಬಿಡ್ತಾರೆ. ಕುರ್ಚಿ ತೋರಿಸಿದ್ರೂ ಕೂರಲ್ಲ. ಎರಡು ಇಂಗ್ಲಿಷ್ ಮಾತು ಬಿಟ್ರೆ ಸಾಕು, ಮಗಳ ಕಡೆ ತಿರುಗಿ "ಸರ್ ಹತ್ರ ಮಾಫಿ ಕೇಳು" ಅಂತಾರೆ.

ಕಮಿಟಿ ಎದುರಿಗೆ ಅವಳೇ ಪ್ರಯೋಗ ಮಾಡ್ಬೇಕು. ಅದೇ ಸ್ಪ್ರಿಂಗು, ಅದೇ ಬಟ್ಟು. ಇಪ್ಪತ್ತು ಬಂತು ಅನ್ಕೊಳ್ಳಿ, ಅವಳು ಸುಳ್ಳಿ. ಇಪ್ಪತ್ಮೂರು ಬಂತು ಅಂದ್ರೆ… ಅದಕ್ಕೇ ನಿಮ್ಮ ಹತ್ರ ಬಂದಿದ್ದು. ಗೊತ್ತಾಯ್ತಲ್ಲ ಈಗ? ಕೈ ಹಾಕಿ ಬೇಗ.

…ಅಜಾನ್ ಆಗ್ತಿದೆ. ನಮಾಜಿಗೆ ಹೋಗ್ಬೇಕಾ? ಹೋಗಿ ಬನ್ನಿ, ನಾನಿರ್ತೀನಿ. …ಹೋಗಲ್ವಾ? ಪಕ್ಕದ ಅಂಗಡಿಯವರೆಲ್ಲ ಹೊರಟ್ರು.

ವಾಜಿದ್ ಭಾಯ್, ಟೈಮಿಲ್ಲ. ಮತ್ತೆ ಮೆಟ್ರೋ ಬೇಡ, ಆಟೋದಲ್ಲೇ ಟಿನ್ ಫ್ಯಾಕ್ಟರಿ ಜಾಮ್ ದಾಟಿ ಕಾಲೇಜಿಗೆ ಹೋಗಿ ಇವನ್ನ ಬೀರುವಲ್ಲಿ ಇಡ್ಬೇಕು. ಭೀಮಾಶಂಕರನ ಹತ್ರ ಬೀಗದ ಕೈ ಈಸ್ಕೊಳ್ಳೋಕೇ ಅರ್ಧ ಗಂಟೆ ಆಯ್ತು. ಆ ಬಡ್ಡೀಮಗ "ಯಾಕ್ರೀ ಸರ, ನಾಳಿಗಿ ಬೇಕಾಗ್ತಾವಲ್ಲ" ಅಂತ ನನ್ನೇ ಪ್ರಶ್ನೆ ಮಾಡ್ತಾನೆ.

ಯಾಕೆ ತಲೆ ಆಡಿಸ್ತೀರಿ? ಆಗಲ್ಲ ಅಂತಾನಾ? ಆಗಲ್ವಾ?

ನೋಡಿ. ನಾನು ಮರ್ಯಾದೆಯಾಗಿ ಕೇಳ್ತಿದೀನಿ. ನಾಳೆ ಬಟ್ಟು ಹಗುರ ಅಂತಾದ್ರೆ ನನ್ನೊಬ್ಬನ ತಲೆ ಹೋಗಲ್ಲ. ಇದರ ಮೇಲೆ ಐವತ್ತು ಅಂತ ಪಂಚ್ ಹೊಡೆದ ಕೈ ಯಾರದ್ದು? ನಿನ್ನದು! ನನ್ನದಲ್ಲ. ತೂಕ ಅಳತೆ ಇಲಾಖೆಯವರು ಬಂದು ಕೇಳಿದ್ರೆ ಏನ್ ಹೇಳ್ತೀಯಾ? ಪ್ರೊಫೆಸರ್ ಹೇಳಿದ್ರು ಅಂತಾನಾ? ಚೀಟಿ ಇದ್ಯಾ? ಸಹಿ ಇದ್ಯಾ? ಬಾಯ್ಮಾತು! ನಾನು ಐವತ್ತು ಗ್ರಾಮಿಂದು ಕೇಳಿದ್ದೆ, ನೀನು ನಲವತ್ತೆರಡರದ್ದು ಕೊಟ್ಟೆ ಅಂತೀನಿ. ಯಾರನ್ನ ನಂಬ್ತಾರೆ? ಗಲ್ಲೀಲಿ ಕೂತ ತಕ್ಕಡಿ ರಿಪೇರಿಯವನನ್ನಾ, ನನ್ನನ್ನಾ? ಅಪ್ಪನ ಕಾಲದ ಲೈಸೆನ್ಸು ಅಂತ ಗೋಡೆಗೆ ಫ್ರೇಮ್ ಹಾಕಿಟ್ಟಿದೀಯಲ್ಲ, ಅದನ್ನ ಇಳಿಸ್ಬೇಕಾಗುತ್ತೆ, ಹುಷಾರ್!

…ಏನು? ಏನು ಹಾಗೆ ನೋಡ್ತೀರಾ?

ನಲವತ್ತೆರಡು ಅಂತ… ಹೌದು, ನಲವತ್ತೆರಡು ಅಂದೆ. ಅದಕ್ಕೇನೀಗ? ನಂಗೆ ಹೇಗೆ ಗೊತ್ತು ಅಂದ್ರೆ… ಅಂದಾಜು. ಲೆಕ್ಕ ಹಾಕಿದೆ. ಇಪ್ಪತ್ಮೂರು ಪಾಯಿಂಟ್ ಎಂಟು ಬರ್ಬೇಕು ಅಂದ್ರೆ ಬಟ್ಟು ನಲವತ್ತೆರಡು ಇರ್ಬೇಕು, ಅದು ಸುಲಭದ ಲೆಕ್ಕ.

ಯಾವಾಗ ಹಾಕಿದೆ… ಹಾಕಿದೆ ಯಾವಾಗ್ಲೋ. ಬಿಡಿ ಅದನ್ನ.

ಕೋಪ ಬಂತು, ನೀನು ತಾನು ಅಂದ್ಬಿಟ್ಟೆ. ಮನಸ್ಸಿಗೆ ಹಾಕ್ಕೋಬೇಡಿ. ಬಿಪಿ ಇದೆ ನಂಗೆ. ಆವತ್ತು ನೀವು ಹೇಳಿದ್ರಿ, ಒಪ್ಕೋತೀನಿ. "ಸಾಬ್, ಸರಳು ಕತ್ತರಿಸಿದೀನಿ ಅಷ್ಟೇ, ತೂಗಿ ಸರಿ ಮಾಡೋಕೆ ಎರಡು ದಿನ ಬೇಕು" ಅಂದ್ರಿ. ಮಾರನೇ ದಿನ ಇನ್ಸ್‌ಪೆಕ್ಷನ್ನು, ಹುಡುಗರು ಹಳೇ ಬಟ್ಟುಗಳನ್ನೆಲ್ಲ ಕಳೆದು ಹಾಕಿದ್ರು, ಬೀರು ಖಾಲಿ. ನನ್ನ ಪರಿಸ್ಥಿತಿ ನಂದು. ಐವತ್ತು ಅಂತ ಹೊಡೆದು ಕೊಡ್ರೀ, ಆ ಕತ್ತೆಗಳು ಯಾರು ತೂಗಿ ನೋಡ್ತಾವೆ ಅಂದೆ. ಮೂರು ವರ್ಷ ಯಾರೂ ನೋಡ್ಲಿಲ್ಲ ತಾನೆ? ನಾನು ಹೇಳಿದ್ದು ಸುಳ್ಳಾಯ್ತಾ? ಇವಳು ಒಬ್ಬಳು…

ಡ್ರಾಯರಲ್ಲಿ ಏನ್ ಹುಡುಕ್ತಿದೀರಿ? …ನಂಗಾ? ಏನ್ ಕಾಗದ ಇದು? ಕನ್ನಡಕ ತಾಳಿ.

ಇದು ನಮ್ಮ ಕಾಲೇಜಿನ ಲೆಟರ್‌ಹೆಡ್. ನಿಮ್ಮ ಹತ್ರ ಹೇಗೆ ಬಂತು? "ಶ್ರೀ ವಾಜಿದ್ ಅವರಿಗೆ… ನಿಮ್ಮ ಮಗಳು, ಪ್ರಥಮ ವರ್ಷದ ವಿದ್ಯಾರ್ಥಿನಿ ಮಾಹಿರಾ ಡಬ್ಲ್ಯೂ… ನಾಳೆ… ಹನ್ನೊಂದು ಗಂಟೆಗೆ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ…"

…

ವಾಜಿದ್ ಭಾಯ್.

ನೀವು… ಮೊದಲೇ ಹೇಳ್ಬಾರ್ದಾ? ಬಂದು ಅರ್ಧ ಗಂಟೆ ಆಯ್ತು, ನಾನು ಬಾಯಿಗೆ ಬಂದ ಹಾಗೆ… ಒಂದು ಮಾತು ಹೇಳ್ಬಾರ್ದಾ!

ಹೇಳಿದ್ರಿ. ಆಗಸ್ಟಲ್ಲಿ ಆ ಸ್ವೀಟ್ ಬಾಕ್ಸು. ಅದೇನಾ ಆವತ್ತು ನೀವು ಹೇಳ್ತಾ ಇದ್ದಿದ್ದು? ಮಗಳಿಗೆ ನಮ್ಮ ಕಾಲೇಜಲ್ಲಿ ಸೀಟ್ ಸಿಕ್ತು ಅಂತಾನಾ? …ನಾನು ಫೋನ್ ನೋಡ್ತಿದ್ದೆ. ಮೀಟಿಂಗ್ ಏನೂ ಇರ್ಲಿಲ್ಲ.

ಆ ಶರ್ಟು ನಾಳೆಗಾ?

ಕೈಗೇ ಗೊತ್ತಾಗುತ್ತೆ ಅಂದ್ಳಲ್ಲ… ಗೊತ್ತಾಗ್ದೆ ಏನು. ಈ ಕೌಂಟರ್ ಹಿಂದೆ ಬೆಳೆದೋಳು. ತಾಳಿ, ತಾಳಿ, ಆ ಸ್ಟೂಲು… ನಾನು ಆರ್ಡರ್ ಕೊಟ್ಟ ದಿನ ಆ ಸ್ಟೂಲ್ ಮೇಲೆ ಸ್ಕೂಲ್ ಯೂನಿಫಾರ್ಮಲ್ಲಿ ಒಂದು ಹುಡುಗಿ ಕೂತಿತ್ತು. ಪುಸ್ತಕ ತೊಡೆ ಮೇಲೆ ಇಟ್ಕೊಂಡು. ನಾನು ಆ ಕತ್ತೆಗಳು ಅಂದಾಗ ತಲೆ ಎತ್ತಿ ನೋಡ್ತು. ಅವಳೇನಾ? ಅವಳು ಕೇಳಿಸ್ಕೊಂಡಿದ್ಳಾ?

ಕೇಳಿಸ್ಕೊಂಡಿದ್ಳು. ಹಾಗಿದ್ರೆ ಲ್ಯಾಬಲ್ಲಿ ಯಾಕೆ ಬಾಯಿ ಬಿಡ್ಲಿಲ್ಲ? "ಈ ಬಟ್ಟು ನೀವೇ ಮಾಡ್ಸಿದ್ದು ಸರ್" ಅಂತ ಒಂದು ಮಾತು ಅಂದಿದ್ರೆ ಆವತ್ತೇ ನಾನು ಮುಗಿದೋಗ್ತಿದ್ದೆ. ಎಲ್ಲ ನಗುವಾಗ್ಲೂ ಅನ್ಲಿಲ್ಲ. ಕಂಪ್ಲೇಂಟಲ್ಲೂ ಬರೆದಿಲ್ಲ, ನಾನು ಓದಿದೀನಿ. 'ಬಟ್ಟುಗಳನ್ನು ಪರೀಕ್ಷಿಸಬೇಕೆಂದು ಕೋರುತ್ತೇನೆ', ಅಷ್ಟೇ. ಎಲ್ಲಿ ಮಾಡ್ಸಿದ್ದು, ಯಾರು ಪಂಚ್ ಹೊಡೆದ್ರು, ಒಂದಕ್ಷರ ಇಲ್ಲ. ನಿಮ್ಮ ಹೆಸರು ಬರಬಾರ್ದು ಅಂತ. ಒಂದು ವರ್ಷ ಹೋದ್ರೂ ಪರವಾಗಿಲ್ಲ, ನಿಮ್ಮ ಹೆಸರು… ನಾನು ಅದಕ್ಕೆ ಕೊಬ್ಬು ಅಂದೆ.

ಏನಾದ್ರೂ ಅನ್ರೀ. ಬೈಯ್ರೀ. ಹೊರಗೆ ಹೋಗು ಅನ್ರೀ! ನಾಳೆ ನೀವು ಬಂದು ನಿಮ್ಮ ಪಂಚನ್ನ ನೀವೇ ಒಪ್ಕೋತೀರಾ? ಎಲ್ಲರ ಎದುರಿಗೆ? ಲೈಸೆನ್ಸ್ ಹೋಗುತ್ತೆ ರೀ…

ಹೋದ್ರೆ ಹೋಗ್ಲಿ ಅಂತಾನಾ ಆ ತಲೆ ಆಡಿಸಿದ್ದು?

ಏನು ತೆಗೀತಿದೀರಿ? …ಇದು ಹಿತ್ತಾಳೇದು, ನಿಮ್ಮ ಅಸಲಿ ಬಟ್ಟು. ಐವತ್ತು. ನಂಗ್ಯಾಕೆ? ಬೇಡ… ವಾಜಿದ್ ಭಾಯ್, ಬೇಡ, ತಕ್ಕಡೀಲಿ ಇಡಿ, ಮೆಷಿನ್ ಇದ್ಯಲ್ಲ, ಅದರಲ್ಲಿ ಇಡಿ, ನಂಬರ್ ಬರುತ್ತೆ. ನನ್ನ ಕೈ ಯಾಕೆ? ನನ್ನ ಕೈಗೆ ಅದೆಲ್ಲ ಗೊತ್ತಾಗಲ್ಲ…

ಸರಿ. ಇಡಿ.

ಬಲಗೈದು ನಿಮ್ಮದು. ಎಡಗೈದು ಲ್ಯಾಬಿಂದು.

…ಗೊತ್ತಾಗುತ್ತೆ. ಎಡಗೈದು ಹಗುರ.

ಆವತ್ತೂ ಗೊತ್ತಾಗಿತ್ತು. ಅವಳು ಎಲ್ಲರ ಎದುರಿಗೆ ನನ್ನ ಅಂಗೈ ಮೇಲೆ ಇಟ್ಟಳಲ್ಲ, ಆಗ್ಲೇ ಗೊತ್ತಾಯ್ತು. ಲೆಕ್ಕವೂ ಆಗ್ಲೇ ಹಾಕಿದೆ, ಅಲ್ಲೇ ನಿಂತು, ನಲವತ್ತೆರಡು ಅಂತ. ಆಮೇಲೆ ಕೆಂಪು ಪೆನ್ನು ತೆಗೆದೆ.